ಪೋಷಕರ ಸಾಲಿನಲ್ಲಿ ಕೂತ ಅಭ್ಯರ್ಥಿ

ನಗುವುದು ಮನುಷ್ಯನಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಅಳು ಹಾಗೆ ಬರುತ್ತದೆ, ಒಪ್ಪುತ್ತೇನೆ, ಆಕಳಿಕೆಯೂ ಬರುತ್ತದೆ. ನಗುವನ್ನು ಮಾತ್ರ ನಾನು ನನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಗುಂಡ್ಲುಪೇಟೆಯ ನಮ್ಮ ಬಾಡಿಗೆ ಮನೆಯ ಕನ್ನಡಿಯ ಮುಂದೆ ನಿಂತು, ಸೆಕೆಂಡ್ ಪಿಯುಸಿ ಓದುತ್ತಿದ್ದ ಮಗಳಿಂದ ಹದಿನೈದು ದಿನ ಪಾಠ ಹೇಳಿಸಿಕೊಂಡು ಕಲಿತವನು. ಅದೂ ಪೂರ್ತಿ ಬಂತೆಂದು ಧೈರ್ಯವಾಗಿ ಹೇಳಲಾರೆ.

ಅಲ್ಲಿಯವರೆಗೆ ನಗು ಬಾರದೆ ಇದ್ದದ್ದಕ್ಕೆ ನನ್ನ ಉದ್ಯೋಗವೇ ಕಾರಣ. ಇಪ್ಪತ್ತೆರಡು ವರ್ಷ ನಾನು ನಮ್ಮೂರಿನ ಒಂದು ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದೆ. ಟಿಕೆಟ್ ಕೊಡುವ ಜಾಗವೆಂದರೆ ಒಂದು ಗೂಡು. ಅದರ ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ. ಹಬ್ಬಕ್ಕೆ ಹೊಸ ಪಿಕ್ಚರ್ ಬಂದರೆ ಆ ಕಿಂಡಿಯೊಳಕ್ಕೆ ಒಂದೇ ಸಲ ನಾಲ್ಕು ಕೈ ತೂರಿಕೊಳ್ಳುತ್ತಿದ್ದವು. ಯಾವ ನೋಟು ಯಾವ ಕೈಯದು, ಯಾವ ಕೈಗೆ ಎಷ್ಟು ಟಿಕೆಟ್ ಎಂದು ಗೊಂದಲವಿಲ್ಲದೆ ಹಂಚುವುದೇ ನನ್ನ ವಿದ್ಯೆ. ಊರಿನ ಅರ್ಧ ಜನರನ್ನು ನಾನು ಉಂಗುರದಿಂದ, ಉಗುರಿನಿಂದ ಗುರುತು ಹಿಡಿಯುತ್ತಿದ್ದೆ. ಅರಿಸಿನ ಬೇಯಿಸುವವರ ಬೆರಳು ಹಳದಿ, ಗ್ಯಾರೇಜಿನವರದು ಕಪ್ಪು, ಕೇರಳದ ಕಡೆಯಿಂದ ಶುಂಠಿ ಬೆಳೆಯಲು ಬಂದವರ ಮಣಿಕಟ್ಟಿನಲ್ಲಿ ದೊಡ್ಡ ವಾಚು. ಇವರಲ್ಲಿ ಯಾರಿಗೂ ನನ್ನ ಮುಖವೇ ಗೊತ್ತಿರಲಿಲ್ಲ. ಗೊತ್ತಾಗುವುದೂ ಒಳ್ಳೆಯದಲ್ಲ. ಟಿಕೆಟ್ ಕೊಡುವವನು ನಕ್ಕನೆಂದರೆ ಜನ ಸಲಿಗೆ ಬೆಳೆಸಿ, ಹೌಸ್‌ಫುಲ್ ಬೋರ್ಡ್ ಹಾಕಿದ ಮೇಲೂ ಎರಡು ಬಾಲ್ಕನಿ ಕೇಳುತ್ತಾರೆ. ಹಾಗಾಗಿ ಹುಬ್ಬು ಗಂಟಿಕ್ಕಿಕೊಂಡು ‘ಎಷ್ಟು?’, ‘ಚಿಲ್ಲರೆ ಕೊಡಿ’, ‘ಮುಂದಕ್ಕೆ ಓಗಿ’ ಎಂಬ ಮೂರೇ ಮಾತಿನಲ್ಲಿ ನಾನು ಕಾಲ ಕಳೆದೆ. ಮನೆಯಲ್ಲೂ ಅವೇ ಮೂರು ಮಾತಿನಲ್ಲಿ ಸಂಸಾರ ನಡೆಸಿದೆ ಎಂಬುದು ನನ್ನ ಹೆಂಡತಿ ರಾಜಮ್ಮಣಿಯ ಆರೋಪ.

ಆಮೇಲೆ ಮನೆಮನೆಗೂ ಕೇಬಲ್ಲು ಬಂತು, ಬಸ್‌ಸ್ಟ್ಯಾಂಡಿನಲ್ಲಿ ಸಿ.ಡಿ. ಬಾಡಿಗೆಗೆ ಸಿಕ್ಕಿತು, ಮ್ಯಾಟ್ನಿ ಶೋಗೆ ಹದಿನಾಲ್ಕು ಜನ ಬರತೊಡಗಿದರು. ಒಂದು ದಿನ ಯಜಮಾನರು ಟಾಕೀಸು ಮುಚ್ಚಿ, ಕುರ್ಚಿಗಳನ್ನು ಕಿತ್ತು, ಅದನ್ನು ಸಣ್ಣ ಈರುಳ್ಳಿಯ ಗೋಡೌನ್ ಮಾಡಿದರು. ನಾನು ಎಂಟು ತಿಂಗಳು ಮನೆಯಲ್ಲಿ ಕೂತೆ. ಮನೆಯಲ್ಲಿ ಕೂರುವುದು ಕಷ್ಟವಲ್ಲ, ಅಭ್ಯಾಸ ತಪ್ಪಿಸುವುದು ಕಷ್ಟ. ಮಧ್ಯಾಹ್ನ ಒಂದೂವರೆಯಾದರೆ ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕುತ್ತಿದ್ದವು. ಎರಡು ಸಲ ಅಲ್ಲಿಯವರೆಗೂ ಹೋಗಿ, ಈರುಳ್ಳಿಯ ಘಾಟು ಮೂಗಿಗೆ ಬಡಿದು, ಕಣ್ಣೊರೆಸಿಕೊಂಡು ವಾಪಸು ಬಂದಿದ್ದೇನೆ. ಕಣ್ಣೀರಿಗೆ ಈರುಳ್ಳಿಯೇ ಕಾರಣ ಎಂದು ಮನೆಯಲ್ಲಿ ಹೇಳಿದೆ. ರಾಜಮ್ಮಣಿ ಪಕ್ಕದ ಬೀದಿಯ ದರ್ಜಿ ಅಮೀರ್ ಜಾನ್ ಅಂಗಡಿಯಿಂದ ಸೀರೆಗಳನ್ನು ತಂದು ಫಾಲ್ಸ್ ಹಾಕಿಕೊಡುತ್ತಿದ್ದಳು. ಆ ಎಂಟು ತಿಂಗಳು ನಮ್ಮ ಮನೆಯ ಒಲೆ ಉರಿದದ್ದು ಆ ಸೀರೆಗಳ ಅಂಚಿನಿಂದ.

ಹೀಗಿರುವಾಗ ಒಂದು ಬೆಳಿಗ್ಗೆ ಪೇಪರಿನ ನಡುವಿನಿಂದ ಗುಲಾಬಿ ಬಣ್ಣದ ಪಾಂಪ್ಲೆಟ್ ಬಿತ್ತು. ಚಾಮರಾಜನಗರದಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ತೆರೆಯುತ್ತಾರಂತೆ, ಕ್ಯಾಷಿಯರುಗಳು ಬೇಕಂತೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು; ನಗುಮೊಗ, ಚುರುಕುತನ, ಕಂಪ್ಯೂಟರ್ ಜ್ಞಾನ ಇರುವವರಿಗೆ ಆದ್ಯತೆ. ನಾನು ಓದಿ, ಎಸ್ಸೆಸ್ಸೆಲ್ಸಿ ಒಂದನ್ನು ಬಿಟ್ಟು ಮಿಕ್ಕ ಯಾವುದೂ ನನ್ನ ಹತ್ತಿರ ಇಲ್ಲವೆಂದು ಮಡಚಿಟ್ಟೆ. ರಾಜಮ್ಮಣಿ ಅದನ್ನು ಬಿಡಿಸಿ ಹಿಂದೆ ಮುಂದೆ ತಿರುಗಿಸಿ ನೋಡಿ, “ವಯಸ್ಸು ಎಲ್ಲೂ ಬರ್ದಿಲ್ಲ ನೋಡ್ರಿ” ಎಂದಳು. “ಬರೀದೆ ಇದ್ರೂ ಅರ್ಥ ಮಾಡ್ಕಬೇಕು” ಎಂದೆ. “ಅವ್ರೇ ಬರ್ದಿಲ್ಲ, ನೀವ್ಯಾಕೆ ಅರ್ಥ ಮಾಡ್ಕಂಡೀರಿ? ಸುಮ್ನೆ ಅರ್ಜಿ ಆಕಿ” ಎಂದಳು. ಹಾಕಿದೆ. ಇಂಟರ್‌ವ್ಯೂಗೆ ಬನ್ನಿ ಎಂದು ಕಾರ್ಡು ಬಂತು. ಕಾರ್ಡು ಬಂದ ದಿನದಿಂದ ನಮ್ಮ ಮನೆ ಒಂದು ತರಬೇತಿ ಕೇಂದ್ರವಾಯಿತು.

ಕೇಂದ್ರದ ಮುಖ್ಯಸ್ಥೆ ಮಗಳು ರೂಪ. ಕಾಮರ್ಸ್ ಓದುತ್ತಿದ್ದಳು, ಮುಂದೆ ಬಿ.ಕಾಂ. ಓದುವ ಆಸೆ, ಅದು ನನ್ನ ಇಂಟರ್‌ವ್ಯೂ ಮೇಲೆ ನಿಂತಿದೆ ಎಂಬುದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವಳು ಹೊಲಿಗೆ ಮಿಷನ್ನಿನ ಮೇಲೆ ಹಲಗೆಯಿಟ್ಟು ಕೌಂಟರ್ ಮಾಡಿದಳು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಚೌಕ ಬರೆದು ಕಂಪ್ಯೂಟರಿನ ಕೀಲಿಮಣೆ ಮಾಡಿದಳು. ಸಾಮಾನಿನ ಮೇಲಿನ ಕಪ್ಪು ಗೆರೆಗಳಿಗೆ ಬೆಳಕು ಹಿಡಿಯುವ ಯಂತ್ರದ ಬದಲು ನಮ್ಮ ಹಳೆಯ ಟಾರ್ಚು. ಒಂದೊಂದು ಸಾಮಾನಿಗೂ ಟಾರ್ಚು ಹಿಡಿದು, ಯಂತ್ರದ ಶಬ್ದವನ್ನೂ ನಾನೇ ಮಾಡಬೇಕು: “ಕೀಂ.” ಗಿರಾಕಿ ರಾಜಮ್ಮಣಿ. ಅವಳು ಅಡುಗೆಮನೆಯಿಂದ ಬೇಳೆ ಡಬ್ಬಿ, ಸಾಬೂನು, ರವೆ ಪ್ಯಾಕೆಟ್ಟು ತುಂಬಿಕೊಂಡು ಬರುತ್ತಿದ್ದಳು. ನಾನು ಒಂದೊಂದಕ್ಕೂ ಕೀಂ ಕೀಂ ಎನ್ನುತ್ತ ಲೆಕ್ಕ ಮುಗಿಸಿದರೆ, ರವೆ ಪ್ಯಾಕೆಟ್ಟಿನ ಅಡಿಯಲ್ಲಿ ಬಚ್ಚಿಟ್ಟಿದ್ದ ಸಾಬೂನನ್ನು ಎತ್ತಿ ತೋರಿಸಿ, “ಇದು ಓಯ್ತು ನೋಡಿ. ನಿಮ್ ಸಂಬಳದಲ್ಲಿ ಇಡ್ಕತಾರೆ” ಎನ್ನುವಳು. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಗಸಿಗೆ ಇಷ್ಟು ಕೈಚಳಕವಿದೆ ಎಂದು ನನಗೆ ಗೊತ್ತಿರಲಿಲ್ಲ.

ಆದರೆ ನನ್ನ ದೊಡ್ಡ ತೊಂದರೆ ಸಾಬೂನಲ್ಲ, ಬಾಯಿ. ಬಿಲ್ಲು ಕೊಟ್ಟ ಮೇಲೆ “ಧನ್ಯವಾದ, ಮತ್ತೆ ಬನ್ನಿ” ಎನ್ನಬೇಕು. ನನ್ನ ಬಾಯಿಂದ ತಾನಾಗಿ “ಮುಂದಕ್ಕೆ ಓಗಿ, ಮುಂದಕ್ಕೆ ಓಗಿ” ಎಂದು ಬರುತ್ತಿತ್ತು. ರೂಪ ಹಣೆ ಚಚ್ಚಿಕೊಳ್ಳುತ್ತಿದ್ದಳು. “ಅಪ್ಪ, ಅವರು ಗಿರಾಕಿ. ಬೈಬಾರದು.” “ನಾನೆಲ್ಲಮ್ಮ ಬೈದೆ?” “ಮುಖದಲ್ಲೇ ಬೈತಿದ್ದೀಯ.” ಆಮೇಲೆ ಕನ್ನಡಿಯ ಪಾಠ ಶುರುವಾಯಿತು. ಮೊದಲ ದಿನದ ನಗುವನ್ನು ನೋಡಿ ಅವಳು, ಹಲ್ಲು ನೋವು ಬಂದವರ ಹಾಗಿದೆ ಎಂದಳು. ಎರಡನೆಯ ದಿನ, ಬೇರೆಯವರ ಹಲ್ಲು ಕೀಳುವವರ ಹಾಗಿದೆ ಎಂದಳು. ಏನಾದರೂ ಸಂತೋಷದ್ದನ್ನು ನೆನೆಸಿಕೋ ಎಂದಳು. ನಾನು ಕಣ್ಣುಮುಚ್ಚಿ ಹೌಸ್‌ಫುಲ್ ಬೋರ್ಡನ್ನು ನೆನೆಸಿಕೊಂಡೆ. “ಹಾಂ, ಇದು! ಇದನ್ನ ಹಾಗೇ ಹಿಡ್ಕೋ!” ಎಂದು ಕೂಗಿದಳು.

ಹಿಡಿದುಕೊಂಡೆ. ಹಿಡಿದುಕೊಂಡೇ ಬೀದಿಗೆ ಹೋದೆ, ಅಭ್ಯಾಸವಾಗಲಿ ಎಂದು. ಊಟಿ ರಸ್ತೆಯ ಉದ್ದಕ್ಕೂ ಎದುರಿಗೆ ಬಂದವರಿಗೆಲ್ಲ ನಕ್ಕೆ. ತರಕಾರಿ ಹೆಂಗಸು ಸೆರಗು ಸರಿಮಾಡಿಕೊಂಡಳು. ಒಬ್ಬ ಹಿರಿಯರು ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರು ಸೋಮಿ ನೀವು? ಪುರಸಭೆ ಎಲೆಕ್ಷನ್ಗೆ ನಿಂತ್ಕತಾ ಇದ್ದೀರಾ?” ಎಂದು ಕೇಳಿದರು. ಅವರ ಕಿರುಬೆರಳಿನ ಹವಳದ ಉಂಗುರ ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು. ಹದಿನೈದು ವರ್ಷ ಪ್ರತಿ ಶುಕ್ರವಾರ ನನ್ನಿಂದ ಒಂದು ಸೆಕೆಂಡ್ ಕ್ಲಾಸ್ ತೆಗೆದುಕೊಂಡವರು ಅವರು. ಹೇಳಿದರೆ ನಂಬುತ್ತಾರೋ ಇಲ್ಲವೋ ಎಂದು, “ಇಲ್ಲ, ಸುಮ್ನೆ ನಕ್ಕೆ” ಎಂದು ಮುಂದೆ ನಡೆದೆ. ಸುಮ್ಮನೆ ನಗುವವರನ್ನು ಊರು ಹೇಗೆ ನೋಡುತ್ತದೆ ಎಂಬುದು ಬೆನ್ನಿಗೆ ತಿಳಿಯುತ್ತಿತ್ತು.

ಅಮೀರ್ ಜಾನ್ ತಾನಾಗಿಯೇ ಬಂದು ಅಳತೆ ತೆಗೆದುಕೊಂಡ. “ನಂಜುಂಡಣ್ಣ, ಪ್ಯಾಂಟು ನನ್ನ ಜವಾಬ್ದಾರಿ. ಮಿಕ್ಕಿದ್ದನ್ನ ನಮ್ಮ ಅಲ್ಲಾ, ನಿಮ್ಮ ಮಾದಪ್ಪ ಇಬ್ರೂ ಸೇರಿ ನೋಡ್ಕೊಳ್ಲಿ” ಎಂದ. ಕೂಲಿ ಎಷ್ಟೆಂದು ಕೇಳಿದರೆ, ಕೆಲಸ ಸಿಕ್ಕ ಮೇಲೆ ನಿಮ್ಮ ಅಂಗಡಿಯಿಂದ ಒಂದು ಚಾಕಲೇಟು ತನ್ನಿ ಎಂದ. ಇಂಟರ್‌ವ್ಯೂ ಹಿಂದಿನ ದಿನ, ಭಾನುವಾರ, ರಾಜಮ್ಮಣಿ ನನ್ನನ್ನು ಹಿತ್ತಲಿನಲ್ಲಿ ಕೂರಿಸಿ ತಲೆಗೆ ಬಣ್ಣ ಹಚ್ಚಿದಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದೇ ಎಳೆ ಬಿಡಿಸಿ ಹಚ್ಚುತ್ತ, “ಸಿಗ್ನಿಲ್ಲ ಅಂದ್ರೂ ಏನಾಗಕಿಲ್ಲ ಕಣ್ರಿ. ನೀವು ಓಗಿ ಬಂದ್ರೆ ಸಾಕು” ಎಂದಳು. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಬಣ್ಣ ಬಾಯೊಳಗೆ ಹೋಯಿತು. ಮೀಸೆಗೆ ಹಚ್ಚಲು ಬಣ್ಣ ಸಾಲಲಿಲ್ಲವಾಗಿ, ಕೂದಲು ಮೂವತ್ತರದು, ಮೀಸೆ ನಲವತ್ತನಾಲ್ಕರದು ಎಂಬ ಸ್ಥಿತಿಯಲ್ಲಿ ನಾನು ಸೋಮವಾರ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಮಗಳು ಬರೆದುಕೊಟ್ಟಿದ್ದ “ಮೈಸೆಲ್ಫ್ ನಂಜುಂಡಸ್ವಾಮಿ” ಎಂದು ಶುರುವಾಗುವ ಇಂಗ್ಲಿಷ್ ಹಾಳೆಯನ್ನು ಬಾಯಿಪಾಠ ಮಾಡಿದೆ. ಪಕ್ಕದಲ್ಲಿದ್ದವನು, ಯಾವುದೋ ಮಂತ್ರವಿರಬೇಕೆಂದು ಸ್ವಲ್ಪ ಸರಿದು ಕೂತ.

ಸೂಪರ್ ಮಾರ್ಕೆಟ್ಟಿನ ಗಾಜಿಗೆ ಇನ್ನೂ ಪೇಪರ್ ಅಂಟಿಸಿತ್ತು, ಒಳಗಿನಿಂದ ಹೊಸ ಬಣ್ಣದ ವಾಸನೆ. ಬಾಗಿಲಲ್ಲಿ ಒಬ್ಬ ಗಾರ್ಡು. ನಾನು ಕಾರ್ಡು ತೆಗೆಯುವಷ್ಟರಲ್ಲಿ ಅವನು, “ಪೇರೆಂಟ್ಸ್ ಎಲ್ಲಾ ಆ ಕಡೆ, ಆ ಕಡೆ” ಎಂದು ಕೈ ತೋರಿಸಿದ. ಎಡಕ್ಕೆ ಕುರ್ಚಿಗಳಲ್ಲಿ ಇಪ್ಪತ್ತು, ಇಪ್ಪತ್ತೆರಡರ ಹುಡುಗ ಹುಡುಗಿಯರು ಫೈಲು ಹಿಡಿದು ಕೂತಿದ್ದರು. ಬಲಕ್ಕೆ ಶಾಮಿಯಾನದ ಕೆಳಗೆ ಅವರ ಅಪ್ಪ ಅಮ್ಮಂದಿರು. ಇಲ್ಲಪ್ಪ, ನಾನೂ ಅಭ್ಯರ್ಥಿಯೇ ಎಂದು ಹೇಳುವುದಕ್ಕೆ ಒಂದು ನಿಮಿಷ ಸಾಕಾಗಿತ್ತು. ಆದರೆ ಆ ಹುಡುಗರೆಲ್ಲ ತಿರುಗಿ ನೋಡುತ್ತಾರಲ್ಲ ಎನಿಸಿ, ನಾನು ಹೋಗಿ ಶಾಮಿಯಾನದ ಕೆಳಗೆ ಕೂತುಬಿಟ್ಟೆ. ನಾಚಿಕೆ ಎಂಬುದು ಎಂತೆಂಥ ಕಡೆ ಕೂರಿಸುತ್ತದೆ ನೋಡಿ.

ಪಕ್ಕದಲ್ಲಿ ಸಂತೆಮರಹಳ್ಳಿಯ ಕಡೆಯ ರೈತರೊಬ್ಬರು, ಹೆಗಲ ಮೇಲೆ ಟವೆಲ್ಲು, ತೊಡೆಯ ಮೇಲೆ ಟಿಫನ್ ಕ್ಯಾರಿಯರ್. ಹೆಸರು ಮಾದಯ್ಯ. “ನಿಮ್ದು ಮಗ್ನಾ, ಮಗ್ಳಾ?” ಎಂದು ಕೇಳಿದರು. “ಮಗಳು” ಎಂದೆ. ಸುಳ್ಳಲ್ಲವಲ್ಲ. “ಏನು ಓದವ್ಳೆ?” “ಸೆಕೆಂಡ್ ಪಿಯು.” “ನಮ್ದೂ ಅಷ್ಟೇ ಕಣಿ. ಬುದ್ವಂತೆ, ಆದ್ರೆ ಎದುರುಕ್ಲು” ಎಂದರು. ಅಷ್ಟರಲ್ಲಿ ಆ ಹೆದರುಕಲಿ ಮಗಳೇ ಎದ್ದು ಬಂದಳು. ಹೆಸರು ಸುಧಾಮಣಿ. “ಅಪ್ಪ, ಅವ್ರೆಲ್ಲ ಇಂಗ್ಲಿಷ್ ಮಾತಾಡ್ತಾವ್ರೆ. ನಂಗಾಗಕಿಲ್ಲ. ಮನಿಗೋಗನ ನಡಿ” ಎಂದಳು. ಮಾದಯ್ಯ ದಿಕ್ಕು ತೋಚದೆ ನನ್ನ ಮುಖ ನೋಡಿದರು. “ಏನಾರ ಒಸಿ ಧೈರ್ಯ ಏಳಿ ಸೋಮಿ. ನೀವು ಓದ್ದೋರಂಗೆ ಕಾಣ್ತೀರಿ.”

ನನಗೆ ಏನಾಯಿತೋ, ಹದಿನೈದು ದಿನ ಕಲಿತದ್ದನ್ನೆಲ್ಲ ಆ ಹುಡುಗಿಗೆ ಸುರಿದುಬಿಟ್ಟೆ. ನಗು ಬರದಿದ್ದರೆ ಸಂತೋಷದ್ದನ್ನು ನೆನೆಸಿಕೋ ಎಂದೆ. ಸಾಮಾನಿನ ಅಡಿಯಲ್ಲಿ ಸಾಮಾನು ಬಚ್ಚಿಟ್ಟಿರುತ್ತಾರೆ, ಎತ್ತಿ ನೋಡು ಎಂದೆ. ಕೊನೆಗೆ, ಯಾವ ಮಗಳೂ ಹೇಳಿಕೊಡದ, ಇಪ್ಪತ್ತೆರಡು ವರ್ಷದ ನನ್ನ ಸ್ವಂತ ವಿದ್ಯೆಯೊಂದನ್ನೂ ಹೇಳಿದೆ: “ನೋಡಮ್ಮ, ಗಿರಾಕಿ ನೋಟು ಕೊಟ್ರೆ ತಕ್ಷಣ ಗಲ್ಲಾಕ್ಕೆ ಹಾಕ್ಬೇಡ. ಚಿಲ್ಲರೆ ಎಣಿಸಿ ಅವರ ಕೈಗೆ ಕೊಡೋವರೆಗೂ ಆ ನೋಟು ಇಬ್ಬರಿಗೂ ಕಾಣೋ ಹಾಗೆ ಎದುರಿಗೇ ಇರಲಿ. ಇಲ್ಲದಿದ್ರೆ ನೂರು ಕೊಟ್ಟೋನು ಐನೂರು ಕೊಟ್ಟೆ ಅಂತ ಜಗಳಕ್ಕೆ ನಿಂತ್ರೆ, ನಿನ್ನ ಹತ್ರ ಉತ್ತರ ಇರಲ್ಲ.” ಹುಡುಗಿ ತಲೆಯಾಡಿಸಿದಳು. ಅವಳು ತನ್ನ ಕುರ್ಚಿಗೆ ಹೋಗಿ ಕೂತಳು.

ಆಗ ಒಳಗಿನಿಂದ ಕೂಗಿದರು: “ನಂಜುಂಡಸ್ವಾಮಿ!” ನಾನು ಎದ್ದೆ. ಮಾದಯ್ಯ ನನ್ನ ಹೊಸ ಪ್ಯಾಂಟಿನ ಜೇಬಿಗೆ ಕೈಹಾಕಿ ಎಳೆದು, “ಕೂತ್ಕಳಿ ಸೋಮಿ, ಮಕ್ಕುಳ್ನ ಕರೀತಾವ್ರೆ” ಎಂದರು. “ಅದು... ನಾನೇ” ಎಂದೆ. ಶಾಮಿಯಾನದ ಕೆಳಗಿದ್ದ ಅಪ್ಪ ಅಮ್ಮಂದಿರೆಲ್ಲ ತಿರುಗಿ ನೋಡಿದರು. ಭೂಮಿ ಬಾಯಿಬಿಡಬಾರದೆ ಎನಿಸಿತು. ಮಾದಯ್ಯ ಜೇಬು ಬಿಟ್ಟು, ಎದ್ದು ನಿಂತು, ಟಿಫನ್ ಕ್ಯಾರಿಯರ್ ಜೊತೆಗಿದ್ದ ನೀರಿನ ಬಾಟಲಿಯನ್ನು ನನ್ನ ಮುಂದೆ ಹಿಡಿದರು. “ಒಂದು ಗುಟುಕು ಕುಡ್ಕಂಡು ಓಗಿ. ಎದ್ರುಕೋಬ್ಯಾಡಿ. ನಾವೆಲ್ಲ ಇಲ್ಲೇ ಇರ್ತೀವಿ.” ನನ್ನ ತಂದೆ ತೀರಿಕೊಂಡು ಬಹಳ ವರ್ಷವಾಗಿತ್ತು. ನನಗಿಂತ ನಾಲ್ಕೈದು ವರ್ಷಕ್ಕೆ ಹೆಚ್ಚು ದೊಡ್ಡವರಲ್ಲದ ಆ ಮನುಷ್ಯ ಆ ದಿನ ನನ್ನ ಪೋಷಕರಾಗಿ ಅಲ್ಲಿ ಕೂತರು.

ಒಳಗೆ ಟೈ ಕಟ್ಟಿದ ಮ್ಯಾನೇಜರ್, ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ನನ್ನನ್ನು ನೋಡಿದ ಕೂಡಲೇ ಮರ್ಯಾದೆಗೆ ಎದ್ದು ನಿಂತ. ನಾನೂ ನಿಂತೇ ಇದ್ದೆ. ಇಬ್ಬರೂ “ಕೂತ್ಕೊಳಿ ಸರ್” ಎಂದೆವು. ನಿಮ್ಮ ಬಗ್ಗೆ ಹೇಳಿ ಎಂದದ್ದೇ ತಡ, ನಾನು “ಮೈಸೆಲ್ಫ್” ಎಂದು ಹೊರಟು, “ಮೈ ಹಾಬೀಸ್ ಆರ್” ಎಂಬಲ್ಲಿಗೆ ಬಂದು ನಿಂತುಹೋದೆ. ಮುಂದಿನದು ನೆನಪಿಲ್ಲ. ನನಗೆ ಹವ್ಯಾಸಗಳೇ ಇಲ್ಲವೆಂಬುದು ಆ ಕ್ಷಣದಲ್ಲಿ ಹೊಳೆಯಿತು. ಮಗಳು ಏನು ಬರೆದಿದ್ದಳೋ ಪಾಪ. “ಕನ್ನಡದಲ್ಲೇ ಹೇಳಿ ಸರ್, ಪರವಾಗಿಲ್ಲ” ಎಂದ ಆ ಹುಡುಗ. ಒಂದು ಕಟ್ಟು ನೋಟು ಕೊಟ್ಟು ಎಣಿಸಲು ಹೇಳಿದ. ಎಣಿಸಿಕೊಟ್ಟೆ; ನಡುವೆ ಸೇರಿಸಿದ್ದ ಒಂದು ಕಳ್ಳನೋಟನ್ನು ಬೆರಳೇ ಹಿಡಿಯಿತು. ಆಮೇಲೆ ಅವನು ಸಂಕೋಚದಿಂದ ಕೇಳಿದ: “ತಪ್ಪು ತಿಳ್ಕೊಬೇಡಿ. ಹೊರಗೆ ಇರೋರೆಲ್ಲ ಹುಡುಗರು, ಚುರುಕಾಗಿದ್ದಾರೆ. ನಿಮ್ಮನ್ನೇ ಯಾಕೆ ತಗೋಬೇಕು?”

ಇದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. “ಅವರು ಚುರುಕು ಅನ್ನೋದು ನಿಜ. ನಾನು ಅಷ್ಟಿಲ್ಲ” ಎಂದೆ. “ಆದ್ರೆ ಸಾಲು ಎಷ್ಟೇ ಉದ್ದ ಇದ್ರೂ ನಂಗೆ ಗಾಬರಿ ಆಗಲ್ಲ. ಯುಗಾದಿ ದಿನ ಫಸ್ಟ್ ಶೋಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಬರೋರಿಗೆ ಟಿಕೆಟ್ ಕೊಟ್ಟಿದ್ದೀನಿ. ಒಬ್ಬ ನನ್ನ ಶರ್ಟನ್ನೇ ಹಿಡಿದು ಎಳೆದ. ಇನ್ನೊಂದು ಕೈಯಲ್ಲಿ ಮುಂದಿನವನಿಗೆ ಚಿಲ್ಲರೆ ಕೊಡ್ತಾ ಇದ್ದೆ.” ಮ್ಯಾನೇಜರ್ ಜೋರಾಗಿ ನಕ್ಕ. ನಾನು ಮಾತ್ರ ನಗುವುದನ್ನು ಪೂರ್ತಿ ಮರೆತಿದ್ದೆ. ಬಾಗಿಲು ದಾಟಿದ ಮೇಲೆ ನೆನಪಾಗಿ ಗಾರ್ಡಿಗೆ ನಕ್ಕೆ.

ಸುಧಾಮಣಿ ನನ್ನ ಹಿಂದೆಯೇ ಒಳಗೆ ಹೋಗಿ, ಹತ್ತು ನಿಮಿಷಕ್ಕೆ ಅರಳಿದ ಮುಖದಲ್ಲಿ ಓಡಿಬಂದಳು. “ಅಂಕಲ್! ಗಿರಾಕಿ ಚಿಲ್ಲರೆಗೆ ಜಗಳ ಆಡಿದ್ರೆ ಏನು ಮಾಡ್ತೀಯಾ ಅಂತ ಕೇಳುದ್ರು. ನೀವೇಳಿದ್ದು ಏಳ್ದೆ, ನೋಟು ಎದ್ರುಗೇ ಮಡಿಕತೀನಿ ಅಂತ. ಗುಡ್ ಅಂತ ಬರ್ಕಂಡ್ರು!” ಮಾದಯ್ಯ ನನಗೆ ಎರಡೂ ಕೈಯೆತ್ತಿ ಮುಗಿದು, ಕ್ಯಾರಿಯರ್ ಬಿಚ್ಚಿ ಚಿತ್ರಾನ್ನ ಕೊಟ್ಟರು. ತಿಂದೆ. ಚೆನ್ನಾಗಿಯೇ ಇತ್ತು. ಆದರೆ ನಿಜ ಹೇಳುತ್ತೇನೆ, ವಾಪಸು ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ನನಗೆ ಹೊಟ್ಟೆಕಿಚ್ಚು. ಇಪ್ಪತ್ತೆರಡು ವರ್ಷದ ಆ ಒಂದೇ ಒಂದು ಮುತ್ತಿನಂಥ ಮಾತನ್ನು ಹೊರಗೆ ದಾನ ಮಾಡಿ, ಒಳಗೆ ಹೋಗಿ ಶರ್ಟು ಎಳೆದ ಕತೆ ಹೇಳಿದೆನಲ್ಲ! ಆ ಹುಡುಗಿಗೇ ಕೆಲಸ ಸಿಗಲಿ ಎಂದು ಒಂದು ಮನಸ್ಸು. ಸಿಕ್ಕರೆ ಅದು ನನಗೆ ಸಿಗಬೇಕಾಗಿದ್ದ ಕೆಲಸವೇ ಅಲ್ಲವೆ ಎಂದು ಇನ್ನೊಂದು ಮನಸ್ಸು. ಊರು ಬರುವ ಹೊತ್ತಿಗೆ ಎರಡೂ ಸುಸ್ತಾಗಿ ಮಲಗಿದವು.

ಒಂಬತ್ತನೆಯ ದಿನ ಅಮೀರ್ ಜಾನ್ ಅಂಗಡಿಗೆ ಫೋನು ಬಂತು. ನಮ್ಮ ಮನೆಯಲ್ಲಿ ಫೋನಿಲ್ಲದ್ದರಿಂದ ಆ ನಂಬರ್ ಕೊಟ್ಟಿದ್ದೆ. ಅವನು ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಬೀದಿಯಲ್ಲಿ ಓಡಿಬಂದು, “ರಾಜಮ್ಮಣಕ್ಕಾ, ಆಗೋಯ್ತು! ಒಂದನೇ ತಾರೀಕಿಂದ ಬರಬೇಕಂತೆ!” ಎಂದು ಬಾಗಿಲಲ್ಲೇ ಕೂಗಿದ. ರೂಪ ರಟ್ಟಿನ ಕೀಲಿಮಣೆಯನ್ನು ಎದೆಗವಚಿಕೊಂಡು ಕುಣಿದಳು. ರಾಜಮ್ಮಣಿ ಸೂಜಿಯನ್ನು ಸೀರೆಗೆ ಚುಚ್ಚಿಟ್ಟು, ಒಳಗೆ ಹೋಗಿ, ಬಹಳ ಹೊತ್ತು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ತೊಳೆಯುವ ಪಾತ್ರೆ ಯಾವುದೂ ಇರಲಿಲ್ಲ.

ಈಗ ನಾನು ಮೂರನೇ ಕೌಂಟರ್. ಎರಡನೇ ಕೌಂಟರಿನಲ್ಲಿ ಸುಧಾಮಣಿ. ಅವಳ ಬೆರಳು ಕೀಲಿಮಣೆಯ ಮೇಲೆ ಹಾರುತ್ತದೆ, ನನ್ನದು ನಡೆಯುತ್ತದೆ. ಅವಳು ಮೂವರನ್ನು ಕಳಿಸುವಷ್ಟರಲ್ಲಿ ನಾನು ಒಬ್ಬರ ಬೆಲ್ಲ ಹುಡುಕುತ್ತಿರುತ್ತೇನೆ. ಎರಡನೇ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಹೀಗೇ ತಲೆಯೆತ್ತಿದರೆ, ರಾಜಮ್ಮಣಿ! ಮದುವೆಗೆ ಉಡುವ ಸೀರೆ ಉಟ್ಟುಕೊಂಡು, ಒಂದೇ ಒಂದು ಸಾಬೂನು ಹಿಡಿದುಕೊಂಡು ನಿಂತಿದ್ದಾಳೆ. ಗುಂಡ್ಲುಪೇಟೆಯಿಂದ ಬಸ್ ಚಾರ್ಜು ಕೊಟ್ಟು ಬಂದವಳು, ನನ್ನ ಸಾಲು ಬಿಟ್ಟು, ಸುಧಾಮಣಿಯ ಸಾಲಿನಲ್ಲಿ. ನಾನು ಕೈಸನ್ನೆ ಮಾಡಿದೆ. ಕಾಣದವಳ ಹಾಗೆ ಇದ್ದಳು. ಬಿಲ್ಲು ಮಾಡಿಸಿ ಹೊರಟೇಹೋದಳು. ನನ್ನ ಮುಂದಿದ್ದ ಗಿರಾಕಿಗೆ ಅದೇ ಬೇಳೆಯನ್ನು ಎರಡು ಸಲ ಬಿಲ್ ಮಾಡಿ ಬೈಸಿಕೊಂಡೆ.

ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕೇಳಿದೆ, “ಅಷ್ಟು ದೂರ ಬಂದೋಳು ಗಂಡನ ಕೌಂಟರಿಗೆ ಬರಕ್ಕಾಗ್ಲಿಲ್ವಾ? ಜನ ಏನಂದ್ಕೊಂಡಾರು?”

ಅವಳು ಹೊಲಿಗೆಯಿಂದ ಕಣ್ಣೆತ್ತಲಿಲ್ಲ. “ನೋಡಕ್ಕೇ ಅಂತ್ಲೇ ಬಂದಿದ್ದು ಕಣ್ರಿ. ನಿಮ್ ಸಾಲಲ್ಲಿ ನಿಂತ್ರೆ ಮುಂದಿರೋರ ಬೆನ್ನು ಕಾಣ್ತದೆ. ಆ ಉಡ್ಗಿ ಸಾಲಲ್ಲಿ ನಿಂತ್ರೆ ನೀವು ಚೆಂದಾಗಿ ಕಾಣ್ತಿದ್ರಿ.”

ನಾನು ಆಗ ಚಪ್ಪಲಿ ಬಿಟ್ಟೆ. ಕಿವಿ ಬಿಸಿಯಾದದ್ದು ಗೊತ್ತಾಗುತ್ತಿತ್ತು. ಅವಳು ದಾರವನ್ನು ಹಲ್ಲಿನಿಂದ ಕಡಿದು, ಸೀರೆ ಮಡಚುತ್ತ, “ಅಲ್ದೆಯ, ನಿಮ್ ಸಾಲಲ್ಲಿ ನಿಂತಿದ್ರೆ ನಂಗೆ ಎರಡೂವರೆ ಬಸ್ಸು ಸಿಕ್ತಿರ್ನಿಲ್ಲ” ಎಂದಳು.